ನಿದ್ದೆಯ ಹಾಜರಿ

ಗದಗ, ಶ್ರಾವಣ ಮೂವತ್ತೆಂಟು, 2214

ಇನ್ನೂರು ವರ್ಷಗಳ ಹಿಂದೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳ ಹಿರಿಯರಿಗೆ ಶಿಕ್ಷಕಿ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ನನ್ನ ಕೆಲವು ಪದಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮವೂ ನಮಗೆ ಹಾಗೆಯೇ. ಬೆಳಗಿನ ನಾಲ್ಕಕ್ಕೆ ಮಗುವಿನ ಹೊದಿಕೆ ಎಳೆದು ಓದಲು ಕೂರಿಸುವುದನ್ನು ನೀವು ಶಿಸ್ತು ಎನ್ನುತ್ತಿದ್ದಿರಂತೆ. ಇದನ್ನು ಹೇಳಿದರೆ ನಮ್ಮ ಮಕ್ಕಳು ನಾನು ಕಥೆ ಕಟ್ಟುತ್ತಿದ್ದೇನೆಂದು ನಗುತ್ತಾರೆ.

ಇಲ್ಲಿ ಹದಿಹರೆಯದವರ ಶಾಲೆ ಶುರುವಾಗುವುದು ಹತ್ತೂವರೆಗೆ. ಆ ವಯಸ್ಸಿಗೆ ನಿದ್ದೆ ತಡವಾಗಿ ಹತ್ತುತ್ತದೆ, ತಡವಾಗಿಯೇ ಬಿಡುತ್ತದೆ. ಅದು ಸೋಮಾರಿತನವಲ್ಲ ಎಂದು ಒಪ್ಪಿಕೊಳ್ಳಲು ದೊಡ್ಡವರಿಗೆ ನೂರು ವರ್ಷ ಬೇಕಾಯಿತು. ಹೋದ ವರ್ಷದವರೆಗೆ ಬಾಗಿಲಲ್ಲಿ ನಿದ್ದೆಯ ಹಾಜರಿ ಇತ್ತು: ಎಷ್ಟು ತಾಸು ಮಲಗಿದ್ದೆನೆಂದು ಮಗು ಹೇಳುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಕಡಿಮೆಯಾದವರಿಗೆ ಮಂಪರುಕೋಣೆ, ಅಂದರೆ ಚಾಪೆ, ಕೌದಿ, ಅರೆಗತ್ತಲು. ಎದ್ದ ಮೇಲೆ ರೊಟ್ಟಿ, ಶೇಂಗಾ ಚಟ್ನಿ, ಆಮೇಲೆ ಪಾಠ. ಸಿಡುಕು, ಅಳು, ಕಾರಣವಿಲ್ಲದ ಜಗಳ, ಇವುಗಳಲ್ಲಿ ಅರ್ಧ ಅಲ್ಲಿಯೇ ಕರಗಿಹೋಗುತ್ತವೆ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಹೋದ ವರ್ಷ ನಾನು ಗೋಡೆಗೊಂದು ಹಲಗೆ ತೂಗುಹಾಕಿ, ಚೆನ್ನಾಗಿ ಮಲಗಿದವರ ಹೆಸರನ್ನು ರ್‍ಯಾಂಕಿನ ಹಾಗೆ ಬರೆಯತೊಡಗಿದೆ. ಮೂರು ತಿಂಗಳು ನನ್ನ ಮೊಮ್ಮಗಳು ಚಂಪಾಳೇ ಮೊದಲು. ನಾನು ಉಬ್ಬಿಹೋದೆ. ಅವಳು ಹಾಡುವುದನ್ನು ಬಿಟ್ಟದ್ದು, ಊಟದ ತಟ್ಟೆಯನ್ನು ಹಾಗೇ ಸರಿಸುತ್ತಿದ್ದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಒಂದು ಮಧ್ಯಾಹ್ನ ತರಗತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಅಳತೊಡಗಿದಳು. ಹೊರಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿದ್ದಿನ ಹತ್ತವಲ್ದು ಅಜ್ಜಿ. ಕಣ್ಣ ಮುಚ್ಚಿ ಸುಮ್ನ ಬಿದ್ದಿರ್ತೀನಿ. ಹೆಸರು ಕೆಳಗ ಹೋದ್ರ ನಿನಗ ಬ್ಯಾಸರ ಆಗ್ತೈತಿ ಅಂತ ಸುಳ್ಳ ಹೇಳಿದೆ. ನನಗ ಯಾವುದೂ ಬ್ಯಾಡ ಅನಸ್ತೈತಿ" ಎಂದಳು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಿಮ್ಮಿಂದಲೇ ಬಂದದ್ದು. ನಾನು ತಾಸು ಎಣಿಸಿದೆ, ಚಿಂತೆ ಏನೆಂದು ಕೇಳಲಿಲ್ಲ. ನಿದ್ದೆ ಕೆಟ್ಟು ಅವಳ ಮನಸ್ಸು ಕುಗ್ಗಿತ್ತು, ಮನಸ್ಸು ಕುಗ್ಗಿ ನಿದ್ದೆ ಇನ್ನಷ್ಟು ಕೆಟ್ಟಿತ್ತು. ಅಂದೇ ಹಲಗೆ ಇಳಿಸಿ, ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಚೇತರಿಕೆಗೆ ಏಳು ತಿಂಗಳು ಹಿಡಿಯಿತು. ಈಗ ಬಾಗಿಲಲ್ಲಿ "ಮನಸ್ಸು ಹ್ಯಾಂಗೈತಿ?" ಎಂದಷ್ಟೇ ಕೇಳುತ್ತೇವೆ. ಉತ್ತರವನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳನ್ನು ಮಲಗಲು ಬಿಡಿ. ಮಲಗಲಾಗದ ಮಗುವನ್ನು ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಕೇಳಿದರೆ ದಾರಿ ಸಿಗುತ್ತದೆ, ನಾನು ಕಂಡಿದ್ದೇನೆ.

ನಿನ್ನೆ ಚಂಪಾ ಶಾಲೆಗೆ ಒಂದು ತಾಸು ತಡವಾಗಿ ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಮಾಸಿರಲಿಲ್ಲ. "ಎಚ್ಚರನ ಆಗ್ಲಿಲ್ಲ ಅಜ್ಜಿ" ಎಂದಳು.

ಇಡೀ ತರಗತಿಯ ಎದುರು ನಾನು ಖುಷಿಯಿಂದ ಅತ್ತುಬಿಟ್ಟೆ.