ಮರೆಯಲ್ಲಿ ಬಿದ್ದ ದಾಳ

ಅಣ್ಣಾ,

ನಿನ್ನ ಹೊಸ ವಿಳಾಸವನ್ನು ನೀನು ಯಾರಿಗೂ ಕೊಟ್ಟಿಲ್ಲ. ಆದರೂ ಬರೆಯುತ್ತಿದ್ದೇನೆ.

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಸಾವು ಬದುಕನ್ನು ದಾಳಕ್ಕೆ ಬಿಟ್ಟು ಆಡುವ, ನೀನು ನಡೆಸುತ್ತಿದ್ದ ಕಥೆಯಾಟವನ್ನು ಮತ್ತೆ ಶುರು ಮಾಡಿದ್ದೇವೆ; ಈಗ ಕಥೆ ನಡೆಸುವುದು ನಾನು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿರುವುದರಿಂದ ಮೇಜು, ನಕ್ಷೆ, ದಾಳ ಎಲ್ಲವೂ ಕಂಪ್ಯೂಟರಿನಲ್ಲೇ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಇವತ್ತು ಎರಡನ್ನು ಆಡಿ ನೋಡಿದೆವು.

ಮೊದಲನೆಯದರಲ್ಲಿ ಕಥೆ ನಡೆಸುವವರ ದಾಳವೂ ಎಲ್ಲರಿಗೂ ಕಾಣುತ್ತದೆ. “ಇದೇ ಇರ್ಲಿ, ಮೋಸಕ್ಕೆ ಜಾಗವೇ ಇಲ್ಲ,” ಎಂದ ನಿನ್ನ ಗೆಳೆಯ ಗಡ್ಡ. ಮೊದಲ ಕಾಳಗದಲ್ಲೇ ಅವನ ಯೋಧ ಸತ್ತ.

“ನಿಮ್ಮಣ್ಣ ಆಡಿಸ್ತಿದ್ದಾಗ ನಾವ್ಯಾರೂ ಸತ್ತೇ ಇರ್ಲಿಲ್ವಲ್ಲ,” ಎಂದು ಪೆಚ್ಚಾದ.

ಎರಡನೆಯದರಲ್ಲಿ ನಡೆಸುವವರು ತಮ್ಮ ದಾಳವನ್ನು ಮುಚ್ಚಿಡಬಹುದು, ನೀನು ರಟ್ಟಿನ ಮರೆಯಲ್ಲಿ ಎಸೆಯುತ್ತಿದ್ದೆಯಲ್ಲ, ಹಾಗೆ. ಅದನ್ನೇ ಆರಿಸಿದೆ. ಗಡ್ಡನ ಹೊಸ ಯೋಧನ ಮೇಲೆ ರಾಕ್ಷಸ ಎರಗಿದಾಗ, ರಾಕ್ಷಸನ ಪರವಾಗಿ ನಾನು ಎಸೆದ ದಾಳದಲ್ಲಿ ಬಿದ್ದದ್ದು ಕೊಲ್ಲುವ ಸಂಖ್ಯೆಯೇ.

“ಸ್ವಲ್ಪದ್ರಲ್ಲಿ ತಪ್ಪಿಸ್ಕೊಂಡೆ ಕಣೋ,” ಎಂದೆ. ಅವನು ಮಗುವಿನ ಹಾಗೆ ನಕ್ಕ. ದಾಳ ತೋರಿಸು ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಮ್ಮ ಕೊನೆಯ ಆಟದ ದಿನ ನಾನು ಎಲ್ಲರೆದುರು ನಿನ್ನ ರಟ್ಟನ್ನು ಕಿತ್ತು, ನೀನು ಹೇಳಿದ್ದೇ ಬೇರೆ, ದಾಳದಲ್ಲಿ ಬಿದ್ದದ್ದೇ ಬೇರೆ ಎಂದು ಕಂಡು, ಮೋಸಗಾರ ಎಂದೆ. ಅಂದು ನೀನು ಸುಳ್ಳು ಹೇಳಿದ್ದು ನಾನು ಆಡುತ್ತಿದ್ದ ರಾಣಿ ಬದುಕಲಿ ಎಂದು.