ಕೊನೆಯ ಸೀಟಿನವರೆಗೆ

ಫೆಬ್ರುವರಿ ೧೬, ಭಾನುವಾರ
ಬೆಳಗಿನ ಹನ್ನೊಂದು ಗಂಟೆ

ಮಗಳೇ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ನೆಪ ಹುಡುಕುವುದಿಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹಾಳೆ ಹರಿದೆ. ಇವತ್ತು ನಿಮ್ಮಪ್ಪನನ್ನು ತರಕಾರಿಗೆ ಕಳಿಸಿ, ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅವರು ಬರುವುದರೊಳಗೆ ಮುಗಿಸಬೇಕು. ಓದಿದರೆ "ಇಷ್ಟೆಲ್ಲ ಯಾಕೆ ಬರೀತೀಯ, ಪಾಪ ಅವಳು ಹೆದರ್ತಾಳೆ" ಅನ್ನುತ್ತಾರೆ.

ಹೋದ ತಿಂಗಳು ನನ್ನನ್ನು ಐದು ದಿನದ ತರಬೇತಿಗೆ ಕಳಿಸಿದ್ದರು. ಗ್ರಂಥಪಾಲಕರಿಗೂ ಶಾಲೆಯ ಉಳಿದ ಸಿಬ್ಬಂದಿಗೂ ಸೇರಿಸಿ. ನಿನ್ನ ಹಾಗೆ ಪಾಠ ಮಾಡುವವರಿಗೆ ವರ್ಷಕ್ಕೆ ಎರಡು ಸಲ ಇಂಥದ್ದು ಇರುತ್ತದೆ, ಅದು ನಿನಗೂ ಗೊತ್ತು. ನಮಗೆ ಇರುವುದು ಒಂದೇ. ಅದನ್ನೂ ನಾನು ಮೂರು ವರ್ಷ ತಪ್ಪಿಸಿಕೊಂಡಿದ್ದೆ. ಒಂದು ವರ್ಷ ಮಂಡಿನೋವು, ಇನ್ನೊಂದು ವರ್ಷ ಪುಸ್ತಕಗಳ ಎಣಿಕೆ, ಮತ್ತೊಂದು ವರ್ಷ ನಿನ್ನ ಮದುವೆ. ಈ ಸಲ ದೊಡ್ಡ ಮೇಡಂ ನನ್ನನ್ನು ಕೇಳದೆಯೇ ಹೆಸರು ಕಳಿಸಿಬಿಟ್ಟಿದ್ದರು. "ಇಪ್ಪತ್ತಾರು ವರ್ಷ ಆಯ್ತು, ಒಂದ್ಸಲನಾದ್ರೂ ಹೊಸದು ಕಲ್ತು ಬನ್ನಿ" ಅಂದರು. ಕಲಿಯುವುದಕ್ಕೆ ನನಗೆ ಬೇಸರವಿರಲಿಲ್ಲ. ಹೆದರಿಕೆ ಇತ್ತು.

ಸುತ್ತಿ ಬಳಸಿ ಬರೆದರೆ ಮತ್ತೆ ಹಾಳೆ ಹರಿಯುತ್ತೇನೆ. ನನಗೆ ಕಿವಿ ಕೇಳುವುದಿಲ್ಲ. ಪೂರ್ತಿ ಇಲ್ಲ ಅಂತಲ್ಲ. ಎದುರು ನಿಂತು, ಮುಖ ನೋಡಿ, ಒಬ್ಬರೇ ಮಾತಾಡಿದರೆ ಮುಕ್ಕಾಲು ಪಾಲು ಸಿಗುತ್ತದೆ. ಉಳಿದ ಕಾಲು ಪಾಲನ್ನು ನಾನೇ ಊಹಿಸಿ ತುಂಬಿಕೊಳ್ಳುತ್ತೇನೆ. ಬೆನ್ನ ಹಿಂದಿನಿಂದ ಕರೆದರೆ ಏನೂ ಇಲ್ಲ. ಫೋನಿನಲ್ಲಂತೂ ದೂರದಲ್ಲಿ ಯಾರೋ ನೀರು ಸುರಿದ ಹಾಗೆ ಒಂದು ಸದ್ದು, ಅಷ್ಟೇ.

ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ "ಅಮ್ಮ ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಿದ್ದರಲ್ಲ, ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಈ ಎರಡು ವರ್ಷದಲ್ಲಿ ಅವರು ನನಗೆ ಮಾಡಿಸಿದಷ್ಟು ಸ್ನಾನ ಮೀನಿಗೂ ಆಗಿರಲಿಕ್ಕಿಲ್ಲ. ಪತ್ರವೇ ಚೆಂದ, ಮಾತು ಹಾರಿಹೋಗುತ್ತದೆ, ಬರೆದದ್ದು ಉಳಿಯುತ್ತದೆ ಅಂತ ನಾನು ನಿನಗೆ ಬರೆದದ್ದೆಲ್ಲ ಒಂದು ಪರದೆ. ನೀನು ಮೆಚ್ಚಿದವನನ್ನು ಮದುವೆಯಾದದ್ದಕ್ಕೆ ಅಮ್ಮನಿಗೆ ಇನ್ನೂ ಸಿಟ್ಟು ಅಂತ ನೀನು ತಿಳಿದಿದ್ದೀಯ ಅಂತ ನನಗೆ ಗೊತ್ತಿತ್ತು. ತಿಳಿದುಕೊಳ್ಳಲಿ ಅಂತ ಸುಮ್ಮನಿದ್ದೆ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಸಿಟ್ಟಿನ ಅಮ್ಮ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತ್ತು. ನನಗೆ ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ. ಯಾವತ್ತೂ ಇರಲಿಲ್ಲ.

ಇದಿಷ್ಟೇ ಆಗಿದ್ದರೆ ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು. ಮುಂದಿನದನ್ನು ನಿಮ್ಮಪ್ಪನಿಗೂ ಮೊನ್ನೆಯವರೆಗೆ ಹೇಳಿರಲಿಲ್ಲ.

ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಗಲ್ಲದ ಮೇಲೆ ಒಂದು ಮಚ್ಚೆ, ಅದಕ್ಕೇ ಎಲ್ಲರೂ ಚುಕ್ಕಿ ಅನ್ನುತ್ತಾರೆ. ಮೆಲುದನಿಯವಳು. ಲೈಬ್ರರಿಯ ಕೊನೆಯ ಕಪಾಟಿನ ಹಿಂದೆ, ಕಿಟಕಿಯ ಕೆಳಗೆ, ನೆಲದ ಮೇಲೆ ಕಾಲು ಚಾಚಿ ಕೂತು ಓದುವುದು ಅವಳ ಅಭ್ಯಾಸ. ನವೆಂಬರಿನ ಒಂದು ಶುಕ್ರವಾರ, ಕೊನೆಯ ಗಂಟೆ ಹೊಡೆದ ಮೇಲೆ, ನಾನು ದಿನದ ಹಾಗೆ ಬಾಗಿಲಲ್ಲಿ ನಿಂತು "ಯಾರಾದ್ರೂ ಇದ್ದೀರಾ?" ಅಂತ ಕೂಗಿದೆ. ಉತ್ತರ ಬರಲಿಲ್ಲ. ಬೀಗ ಹಾಕಿ ಹೊರಟೆ.

ಒಂದೂ ಕಾಲು ಗಂಟೆಯ ಮೇಲೆ ಕಸ ಗುಡಿಸುವ ಅಕ್ಕನಿಗೆ ಬಾಗಿಲು ಬಡಿಯುವ ಸದ್ದು ಕೇಳಿತಂತೆ. ಮಗು ಅತ್ತು ಅತ್ತು ಧ್ವನಿ ಕೂತುಹೋಗಿತ್ತು. ಬಟ್ಟೆ ಒದ್ದೆಯಾಗಿತ್ತು. ಮಾರನೆಯ ದಿನ ದೊಡ್ಡ ಮೇಡಂ ಇಬ್ಬರನ್ನೂ ಕರೆಸಿದರು. ಚುಕ್ಕಿ ನೇರವಾಗಿ ಹೇಳಿದಳು: "ಮಿಸ್ ಕೇಳಿದಾಗ ನಾನು ಇದ್ದೀನಿ ಅಂದೆ. ಒಂದೇ ಪುಟ ಬಾಕಿ ಇದೆ ಅಂದೆ. ಆಮೇಲೆ ಓಡಿ ಬಂದು ಬಾಗಿಲು ಬಡಿದೆ. ಮಿಸ್ ಹಿಂದೆ ತಿರುಗಲೇ ಇಲ್ಲ."

ಮಗು ಹೇಳುತ್ತಿದ್ದುದು ನಿಜ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ನಾನು ಏನು ಹೇಳಿದೆ ಗೊತ್ತೇ? "ಉತ್ತರ ಬರ್ಲಿಲ್ಲ ಮೇಡಂ. ಆಟಕ್ಕೆ ಬಚ್ಚಿಟ್ಟುಕೊಂಡಿರಬೇಕು." ಮೊದಲ ಮಾತು ನನ್ನ ಪಾಲಿಗೆ ನಿಜ. ಎರಡನೆಯದು ಹಸಿ ಸುಳ್ಳು. ಇಪ್ಪತ್ತಾರು ವರ್ಷದ ಲೈಬ್ರರಿ ಮಿಸ್ ಒಂದು ಕಡೆ, ಒಂಬತ್ತು ವರ್ಷದ ಮಗು ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ಕೇಳಬೇಕೆ? ಸೋಮವಾರ ಅವಳಿಂದ ಕ್ಷಮಾಪಣೆಯ ಚೀಟಿ ಬರೆಸಿ, ತರಗತಿಯ ಎದುರು ನನ್ನ ಕೈಗೆ ಕೊಡಿಸಿದರು. "ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ." ದುಂಡಗಿನ ಅಕ್ಷರ. ನಾನು ಅದನ್ನು ತೆಗೆದುಕೊಂಡು ಅವಳ ತಲೆ ಸವರಿದೆ. ಮಗಳೇ, ಸವರಿದೆ. ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಲೈಬ್ರರಿಗೆ ಕಾಲಿಡಲಿಲ್ಲ.

ತರಬೇತಿಗೆ ಹೋದದ್ದು ಇದೆಲ್ಲ ಆದ ಮೇಲೆ. ಅಲ್ಲಿ ಮೊದಲ ಎರಡು ದಿನ ಹೇಗೋ ದಾಟಿದೆ. ಮುಂದಿನ ಸಾಲಿನಲ್ಲಿ ಕೂತೆ. ಹಳೆಯ ಪುಸ್ತಕ ತೆಗೆಯುವುದು ಹೇಗೆ, ಓದಲು ಹಿಂಜರಿಯುವ ಮಕ್ಕಳನ್ನು ಸೆಳೆಯುವುದು ಹೇಗೆ, ಎಲ್ಲ ಚೆನ್ನಾಗಿಯೇ ಇತ್ತು, ಸಿಕ್ಕಷ್ಟು. ಕಲಿಸುವ ಹುಡುಗಿ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನನಗೆ ಕತ್ತಲೆ. ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹಾಗೆ. ಪಕ್ಕದವರು ಇನ್ನೊಂದು ಶಾಲೆಯ ಬಸ್ ಡ್ರೈವರ್. ಐವತ್ತರ ಆಸುಪಾಸಿನ ಮನುಷ್ಯ, ಷರ್ಟಿನ ಜೇಬಿನಲ್ಲಿ ಗಾಜು ಒರೆಸುವ ಹಳದಿ ಬಟ್ಟೆ. "ಪುಸ್ತಕದೋರ ಮಧ್ಯೆ ನಾನ್ಯಾಕೆ ಅಂತ ನಂಗೂ ಗೊತ್ತಿಲ್ಲ ಮೇಡಂ, ಸಿಬ್ಬಂದಿ ಅಂದ್ರು, ಬಂದೆ" ಅಂದಿದ್ದರು.

ಮೂರನೆಯ ದಿನದ ಪಾಠದ ಹೆಸರು 'ಕೇಳಿಸಿಕೊಳ್ಳುವ ಕೌಶಲ'. ನಗಬೇಡ. ಇಬ್ಬಿಬ್ಬರು ಜೊತೆಯಾಗಿ, ಕೆಲಸದಲ್ಲಿ ಮರೆಯಲಾಗದ ಒಂದು ಘಟನೆಯನ್ನು ಹೇಳಬೇಕು. ಕೇಳಿಸಿಕೊಂಡವರು ಅದನ್ನು ಎಲ್ಲರ ಎದುರು ತಿರುಗಿ ಹೇಳಬೇಕು. ಇಪ್ಪತ್ತು ಬಾಯಿ ಒಮ್ಮೆಲೇ ಶುರುವಾದವು, ತಲೆಯ ಮೇಲೆ ನಾಲ್ಕು ಫ್ಯಾನು. ಡ್ರೈವರ್ ಐದು ನಿಮಿಷ ಮಾತಾಡಿದರು. ನನಗೆ ಸಿಕ್ಕಿದ್ದು ಮೂರು ಪದ: ನಿದ್ದೆ, ಕೊನೆಯ ಸೀಟು, ಬೀಗ.

ನನ್ನ ಸರದಿ ಬಂತು. ಎದ್ದು ನಿಂತು, ಮೂರು ಪದಕ್ಕೆ ದಾರ ಪೋಣಿಸಿ ಕಥೆ ಕಟ್ಟಿದೆ. ಡ್ರೈವರ್ ಒಂದು ಮಧ್ಯಾಹ್ನ ಕೊನೆಯ ಸೀಟಿನಲ್ಲಿ ನಿದ್ದೆ ಹೋದರು, ಯಾರೋ ಬಸ್ಸಿಗೆ ಬೀಗ ಹಾಕಿಕೊಂಡು ಹೋದರು, ಇವರು ಕಿಟಕಿಯಿಂದ ಇಳಿದು ಬಂದರು ಅಂತ. ಮಕ್ಕಳಿಗೆ ಕಥೆ ಹೇಳಿ ಹೇಳಿ ನಾಲಿಗೆ ಪಳಗಿದೆಯಲ್ಲ, ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಡ್ರೈವರ್ ನಗಲಿಲ್ಲ. ಕಲಿಸುವ ಹುಡುಗಿ "ಸರಿಯಾಗಿ ಹೇಳಿದ್ರಾ?" ಅಂತ ಕೇಳಿದಾಗ, ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಹೂಂ, ಹಾಗೇ ಆಯ್ತು" ಅಂದರು.

ಚಹಾದ ಹೊತ್ತಿಗೆ ನನ್ನ ಎದುರು ಬಂದು ನಿಂತರು. ಪಕ್ಕಕ್ಕಲ್ಲ, ಎದುರಿಗೆ. ನಿಧಾನವಾಗಿ ಕೇಳಿದರು: "ಮೇಡಂ, ಯಾವ ಕಿವಿ ವಾಸಿ?"

ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವ ಬದಲು ಕಿವಿ ಮುಟ್ಟಿಕೊಂಡೆ.

"ಮೂವತ್ತು ವರ್ಷ ಕನ್ನಡಿ ನೋಡಿ ಬಸ್ ಓಡ್ಸಿದೀನಿ. ಯಾರ್ ಎಲ್ಲಿ ನೋಡ್ತಾರೆ ಅಂತ ಗೊತ್ತಾಗುತ್ತೆ. ನೀವು ನನ್ನ ಕಣ್ಣು ನೋಡ್ಲೇ ಇಲ್ಲ, ತುಟಿ ನೋಡ್ತಾ ಇದ್ರಿ" ಅಂದರು. ಬೇಸರದಿಂದ ಅನ್ನಲಿಲ್ಲ. ಆಮೇಲೆ ತರಬೇತಿಯ ಹಾಳೆಯೊಂದನ್ನು ಮಗುಚಿ, ಅದರ ಹಿಂದೆ ತಾವು ಹೇಳಿದ್ದನ್ನು ಬರೆದುಕೊಟ್ಟರು. ಅಕ್ಷರ ಓರೆಕೋರೆ, ವಿಷಯ ನೇರ.

ಎಂಟು ವರ್ಷದ ಹಿಂದೆ ಒಂದು ಮಗು ಕೊನೆಯ ಸೀಟಿನಲ್ಲಿ ನಿದ್ದೆ ಹೋಗಿತ್ತು. ಅವರು ನೋಡದೆ ಬಸ್ಸಿಗೆ ಬೀಗ ಹಾಕಿ ಮನೆಗೆ ಹೋದರು. ಬಿಸಿಲು. ನಲವತ್ತು ನಿಮಿಷದ ಮೇಲೆ ಸಿಕ್ಕಿತು. ಬದುಕಿತು. ಹಾಳೆಯ ಕೊನೆಯಲ್ಲಿ ಹೀಗೆ ಬರೆದಿದ್ದರು: 'ಮಗು ಸೀಟಿನ ಕೆಳಗೆ ಅಡಗಿ ಕೂತಿತ್ತು ಎಂದು ಹೇಳಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಮರುದಿನ ಅವರ ಮನೆಗೆ ಹೋಗಿ ನಾನು ನೋಡಲಿಲ್ಲ ಎಂದು ಹೇಳಿದೆ. ಅವರಪ್ಪ ಹೊಡೆದರು. ಅಂದಿನಿಂದ ಪ್ರತಿ ಸಲ ಕೊನೆಯ ಸೀಟಿನವರೆಗೆ ನಡೆದು, ಒಂದೊಂದು ಸೀಟನ್ನೂ ಕೈಯಿಂದ ಮುಟ್ಟಿ ಬರುತ್ತೇನೆ.'

ನಾನು ಈ ಮನುಷ್ಯನ ಕಥೆ ಹೇಳಿ ನಲವತ್ತು ಜನರನ್ನು ನಗಿಸಿದ್ದೆ. ಚಹಾದ ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟು ಅಲ್ಲೇ ಅತ್ತುಬಿಟ್ಟೆ. ಅವರು ಹಳದಿ ಬಟ್ಟೆ ತೆಗೆದರು, ಅದರ ಕೊಳೆ ನೋಡಿ ಮತ್ತೆ ಜೇಬಿಗೆ ತುರುಕಿದರು. ನಾನು ಚುಕ್ಕಿಯ ವಿಷಯ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವರು ಅಂದದ್ದು ಇಷ್ಟೇ: "ಕಿವಿ ಕೇಳ್ದೇ ಇರೋದು ತಪ್ಪಲ್ಲ ಮೇಡಂ. ಆ ಮಗೂನ್ನ ಸುಳ್ಳಿ ಮಾಡಿದ್ದು ತಪ್ಪು. ಅದನ್ನ ಯಾವ ಡಾಕ್ಟ್ರೂ ಸರಿಮಾಡಲ್ಲ."

ಉಳಿದ ಎರಡು ದಿನ ಅವರು ಮುಖ್ಯವಾದುದನ್ನೆಲ್ಲ ನನಗಾಗಿ ಬರೆಯುತ್ತಾ ಹೋದರು. ಕೊನೆಯಲ್ಲಿ ತರಬೇತಿಯವರು ಪ್ರಮಾಣಪತ್ರವನ್ನೂ ಕೊಟ್ಟರು. ಕೇಳಿಸಿಕೊಳ್ಳುವ ಕೌಶಲದಲ್ಲಿ ನಿನ್ನ ಅಮ್ಮ 'ಉತ್ತಮ'.

ತರಬೇತಿ ಮುಗಿಸಿ ಬಂದ ಸೋಮವಾರ ಬೆಳಿಗ್ಗೆ ದೊಡ್ಡ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿವಿಯದ್ದನ್ನೂ ಹೇಳಿದೆ, ಸುಳ್ಳಿನದ್ದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಆ ಮಗೂನ್ನ ನಿಲ್ಲಿಸಿ ಬರೆಸಿದ್ದು ನಾನು. ನಿಮ್ಮನ್ನ ನಂಬಿ ಬರೆಸಿದ್ದು" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಲೈಬ್ರರಿಯ ಬೀಗದ ಕೈ ಸದ್ಯಕ್ಕೆ ಆಫೀಸಿನಲ್ಲಿರಲಿ ಅಂದರು. ಕೊಟ್ಟುಬಿಟ್ಟೆ. ಕಿವಿಗೆ ಯಂತ್ರ ಬಂದು, ಡಾಕ್ಟರ ಚೀಟಿ ತಂದ ಮೇಲೆ ನೋಡೋಣ ಅಂದಿದ್ದಾರೆ. ನೋಡದೆಯೂ ಇರಬಹುದು. ಸಂಜೆ ಹೊತ್ತು ಗುಮಾಸ್ತರು ಬಂದು ಬೀಗ ಹಾಕುತ್ತಾರೆ. ಅದಕ್ಕೆ ಮುಂಚೆ ನಾನು ಕೊನೆಯ ಕಪಾಟಿನವರೆಗೆ ನಡೆದು, ಕಿಟಕಿಯ ಕೆಳಗೆ ನೋಡಿ ಬರುತ್ತೇನೆ.

ಮಂಗಳವಾರ ಚುಕ್ಕಿ ಮತ್ತು ಅವಳ ಅಮ್ಮನನ್ನು ಕರೆಸಿ, ಅದೇ ತರಗತಿಯ ಎದುರು ನಿಂತು ಹೇಳಿದೆ. ಅವಳು ಉತ್ತರ ಕೊಟ್ಟಿದ್ದಳು, ನನಗೆ ಕೇಳಿಸಲಿಲ್ಲ, ಸುಳ್ಳು ಹೇಳಿದವಳು ನಾನು ಅಂತ. ಅವಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರೇ ಹೊರತು ನನ್ನ ಕಡೆ ನೋಡಲಿಲ್ಲ. ಚುಕ್ಕಿ ಅಳಲಿಲ್ಲ. ಎದುರು ಬಂದು ನಿಂತು, ನನಗೆ ಕೇಳಿಸಲಿ ಅಂತ ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: "ಹಾಗಾದ್ರೆ, ನಾನು ಬರೆದ ಚೀಟಿ ವಾಪಸ್ ಕೊಡ್ತೀರಾ?"

ಚೀಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ತಂದುಕೊಟ್ಟೆ. ಅವಳು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ, ನಾನು ಕೇಳುವ ಹಾಗೂ ಇರಲಿಲ್ಲ. ಗುರುವಾರ ಲೈಬ್ರರಿಯ ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಹೋದಳು. ನಾನು ತಲೆಯೆತ್ತಲಿಲ್ಲ. ಕರೆದರೆ ಓಡಿಹೋಗುತ್ತಾಳೆ ಅನ್ನಿಸಿತು.

ನಿನ್ನ ಅಮ್ಮ ಇಂಥದ್ದು ಮಾಡಿದಳು ಅಂತ ನಿನಗೆ ಬೇರೆ ಯಾರಿಂದಲೋ ತಿಳಿಯುವುದು ಬೇಡ. ಬೇಸರವಾದರೆ ಬೇಸರ ಅಂತಲೇ ಬರೆ. ನಿನ್ನ ಗಂಡನಿಗೂ ಓದಿಸು. ಅವನ ಮೇಲೂ ನನಗೆ ಸಿಟ್ಟಿಲ್ಲ ಅಂತ ಅವನಿಗೂ ತಿಳಿಯಲಿ. ಗೇಟಿನ ಹತ್ತಿರ ನಿಮ್ಮಪ್ಪನ ಚೀಲ ಕಾಣಿಸುತ್ತಿದೆ, ನಿಲ್ಲಿಸುತ್ತೇನೆ.

ನಿನ್ನ,
ಅಮ್ಮ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಶುಕ್ರವಾರ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ನರ ಸೋತಿದೆಯಂತೆ, ವಂಶದಲ್ಲಿ ಇಳಿದು ಬರುವಂಥದ್ದಂತೆ. ನಿನ್ನ ಅಜ್ಜಿಯನ್ನು, ನನ್ನ ಅಮ್ಮನನ್ನು, ನಾವೆಲ್ಲ ಹಟಮಾರಿ ಅಂದುಕೊಂಡಿದ್ದೆವಲ್ಲ, ಅವರಿಗೂ ಇದೇ ಇದ್ದಿರಬೇಕು. ನಿಮಗೆ ಮಕ್ಕಳಿದ್ದಾರಾ ಅಂತ ಡಾಕ್ಟರು ಕೇಳಿದರು. ನಿನ್ನ ತರಗತಿಯ ಈ ವರ್ಷದ ಮಕ್ಕಳು ಬಾಯಿಬಿಟ್ಟು ಮಾತಾಡುವುದೇ ಇಲ್ಲ, ಮಾತನ್ನೆಲ್ಲ ನುಂಗುತ್ತಾರೆ ಅಂತ ನೀನು ಹೋದ ಪತ್ರದಲ್ಲಿ ಬರೆದಿದ್ದೀಯ. ಮನೆಗೆ ಬಂದು ಆ ಸಾಲನ್ನು ನಾಲ್ಕು ಸಲ ಓದಿದೆ. ಆರು ವರ್ಷದ ಹಿಂದೆ ನಾನು ನಿಮ್ಮಪ್ಪನಿಗೆ ಹೇಳಿದ್ದೂ ಇದೇ ಮಾತು. ಮಕ್ಕಳು ಏನನ್ನೂ ನುಂಗುತ್ತಿರಲಿಲ್ಲ. ಈ ವಾರವೇ ಹೋಗಿ ಕಿವಿ ತೋರಿಸು, ಮಗಳೇ.