ಹೊದಿಕೆ ತೆಗೆದ ದಾರಿ

ರೂನರ್,

ವಾಸಾ ಪಟ್ಟಣ ತಲುಪಿದ್ದೇನೆ. ಕಾಲು ಒದ್ದೆಯಾಗಲಿಲ್ಲ. ಮೊದಲು ಇದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಬೇರೇನನ್ನೂ ಕೇಳುವವನಲ್ಲ.

ಗೆಳತಿ ಬಾರ್ಬ್ರೋಳ ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಕಿಟಕಿಯಿಂದ ಒಂದು ಬೀದಿ ಕಾಣುತ್ತದೆ. ಅದು ಎಲ್ಲಿ ಮುಗಿಯುತ್ತದೆ ಎಂದು ಕಾಣುವುದಿಲ್ಲ. ನಗಬೇಡ. ನಿನ್ನ ಹೆಂಡತಿಯಾಗಿ ದ್ವೀಪಕ್ಕೆ ಬಂದ ಮೇಲೆ ನಾನು ನಡೆದ ದಾರಿಗಳೆಲ್ಲ ನೀರಿನ ಹತ್ತಿರ ಮುಗಿಯುತ್ತಿದ್ದವು.

ಈ ಸಲ ಸಮುದ್ರ ಹಟ ಹಿಡಿದಿತ್ತು. ಬೇಸಿಗೆ ಉದ್ದವಾಯಿತು, ಅಕ್ಟೋಬರಿನಲ್ಲೂ ನೀನು ಬರಿಗೈಯಲ್ಲಿ ಬಲೆ ಎತ್ತುತ್ತಿದ್ದೆ. ಆಮೇಲೆ ಉತ್ತರದ ಗಾಳಿ ಬೀಸಿದಾಗ ನೀರು ಒಲೆಯ ಮೇಲಿನ ಹಂಡೆಯ ಹಾಗೆ ಹಬೆಯಾಡಿತು. ಆ ಹಬೆಯೆಲ್ಲ ಮೋಡವಾಗಿ, ಹಿಮವಾಗಿ ನಮ್ಮ ಮೇಲೇ ಬಿತ್ತು. "ಸಮುದ್ರ ಇನ್ನೂ ಬೇಸಿಗೇನ ಬಾಯಲ್ಲಿಟ್ಕೊಂಡು ಜಗೀತಿದೆ ಕಣೇ," ಎಂದರು ನಿನ್ನ ಅಮ್ಮ. "ಉಗುಳೋದು ಮಾತ್ರ ನಮ್ಮ ಅಂಗಳಕ್ಕೆ."

ದ್ವೀಪಕ್ಕೂ ದಡಕ್ಕೂ ನಡುವಿನ ನೀರು ಕ್ರಿಸ್ಮಸ್‌ಗೆ ಮೊದಲೇ ಹೆಪ್ಪುಗಟ್ಟಿತು. ಹೊರಗಡಲು ಮಾತ್ರ ತೆರೆದೇ ಇತ್ತು, ಹಿಮ ಸುರಿಯುತ್ತಲೇ ಇತ್ತು. ತೆಳುವಾದ ಮಂಜುಗಡ್ಡೆಯ ಮೇಲೆ ಅದು ಕಂಬಳಿ ಹೊದಿಸಿದಂತೆ ಕೂತು, ಚಳಿ ಕೆಳಗಿಳಿಯದಂತೆ ತಡೆಯಿತು. ದೋಣಿ ಹೋಗುವಂತಿಲ್ಲ, ಕಾಲಿಡುವಂತಿಲ್ಲ. ಅಂಚೆ ಬರಲಿಲ್ಲ. ಕಾಫಿ ಮುಗಿಯಿತು.

ಮೂವರು ಜನ, ಒಂದು ಒಲೆ. ನನ್ನ ಹೊಲಿಗೆ ಯಂತ್ರದ ಮೇಲೆ ನಿನ್ನ ಅಮ್ಮ ಹಿಟ್ಟಿನ ಚೀಲ ಇಟ್ಟರು. "ಇಲ್ಲಿ ಯಾರಿಗೆ ಹೊಲೀತೀಯಾ? ಕಡಲಲ್ಲಿ ಈಜೋ ಸೀಲ್‌ಗಳಿಗಾ?" ನೀನೂ ನಕ್ಕುಬಿಟ್ಟೆ. ನಿನ್ನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಜಗಳ ತೆಗೆಯಲೂ ನನಗೆ ಏನೂ ಸಿಗಲಿಲ್ಲ. ಉಸಿರು ಕಟ್ಟಿದ್ದು ಅದಕ್ಕೇ.

ಬಾರ್ಬ್ರೋ ನನಗಾಗಿ ಕೆಲಸ ಕಾದಿರಿಸಿದ್ದಳು, ಕ್ನೂಟ್ ಹಬ್ಬದವರೆಗೆ, ಎಲ್ಲರೂ ಕ್ರಿಸ್ಮಸ್ ಮರವನ್ನು ಮನೆಯಿಂದ ಹೊರಹಾಕುವ ದಿನದವರೆಗೆ. ಅಷ್ಟರಲ್ಲಿ ನಾನು ಬರದಿದ್ದರೆ ಅದು ಇನ್ನೊಬ್ಬಳಿಗೆ. ನಿನಗೆ ಹೇಳಿರಲಿಲ್ಲ. ದಾರಿಯೇ ಇಲ್ಲದಾಗ ಹೊರಡುವ ಮಾತು ಹೇಗೆ ಎತ್ತಲಿ? ಎತ್ತಿದ ಮೇಲೆ ಅದೇ ಅಡುಗೆಮನೆಯಲ್ಲಿ ಮೂವರೂ ಮುಖ ನೋಡುತ್ತ ಕೂರಬೇಕಿತ್ತು.

ಹೊಸವರ್ಷ ಕಳೆದದ್ದೇ ನೀನು ಸೊಂಟಕ್ಕೆ ಹಗ್ಗ ಕಟ್ಟಿ, ಹಲಗೆಯ ಮೇಲೆ ನಿಂತು, ಮಂಜುಗಡ್ಡೆಯ ಮೇಲಿನ ಹಿಮ ಗುಡಿಸತೊಡಗಿದೆ. ಸಂಜೆಗೆ ಒಂದು ಕಪ್ಪು ಪಟ್ಟಿ ಕಾಣುತ್ತಿತ್ತು. ಬೆಳಗಾದರೆ ಮತ್ತೆ ಬಿಳಿ. ನೆರೆಮನೆಯ ಎಡ್ವಿನ್ ದಡದಿಂದ ಕೂಗುತ್ತಿದ್ದ: "ಏನೋ ರೂನರ್, ಸಮುದ್ರಕ್ಕೆ ಕ್ಷೌರ ಮಾಡ್ತಿದ್ದೀಯಾ? ನಾಳೆ ಮತ್ತೆ ಬೆಳೆಯುತ್ತೆ ಬಿಡು!" ಅಂಚೆಗಾಗಿ, ಕಾಫಿಗಾಗಿ ಗುಡಿಸುತ್ತಿದ್ದೀಯ ಎಂದುಕೊಂಡೆ ನಾನು.

ಒಂದು ಸಂಜೆ ಬೂಟು ಕಳಚುತ್ತ, ತಲೆಯೆತ್ತದೆ ನೀನು ಕೇಳಿದೆ: "ಬಾರ್ಬ್ರೋ ಎಲ್ಲೀವರೆಗೂ ಕಾಯ್ತಾಳಂತೆ?"

ನನ್ನ ಕೈಯ ಸೂಜಿ ನಿಂತಿತು.

"ದಿನಸಿ ಅಂಗಡಿ ಫೋನಲ್ಲಿ ಗುಟ್ಟು ಮಾತಾಡೋಳು ಈ ದ್ವೀಪದಲ್ಲಿ ನೀನೊಬ್ಬಳೇ. ಅಲ್ಲಿ ಆಡಿದ್ದು ಎಲ್ಲರಿಗೂ ಕೇಳುತ್ತೆ," ಎಂದೆ ನೀನು.

"ಕ್ನೂಟ್ ಹಬ್ಬದವರೆಗೆ," ಎಂದೆ ನಾನು.

ಹೋಗಬೇಡ ಎನ್ನಲಿಲ್ಲ ನೀನು. "ಹೊದಿಕೆ ತೆಗೆದ್ರೇನೇ ಮಂಜುಗಡ್ಡೆ ದಪ್ಪ ಆಗೋದು," ಎಂದು ಮೀನಿನ ಸಾರಿಗೆ ಕೈ ಚಾಚಿದೆ.

ಕೊನೆಗೆ ಹೊರಗಡಲೂ ಮುಚ್ಚಿತು. ಹಬೆ ನಿಂತು ಮೋಡ ಚದುರಿತು, ನಿಜವಾದ ಚಳಿ ಬಂತು. ಸುತ್ತಲೆಲ್ಲ ಹಿಮದ ಕೆಳಗೆ ಇನ್ನೂ ಕೆಸರಿನಂಥ ಹಿಮನೀರಿತ್ತು. ನೀನು ಗುಡಿಸಿದ ಪಟ್ಟಿ ಮಾತ್ರ ಹಾರೆಯ ಏಟಿಗೂ ಜಗ್ಗಲಿಲ್ಲ. ಕ್ನೂಟ್ ಹಬ್ಬದ ಬೆಳಿಗ್ಗೆ, ಪ್ರತಿ ವರ್ಷದಂತೆ ಮನೆಮನೆಯ ಕ್ರಿಸ್ಮಸ್ ಮರಗಳನ್ನು ತಂದು ದಾರಿಗುರುತಾಗಿ ಅದರುದ್ದಕ್ಕೂ ನೆಟ್ಟೆ. ಹೊಲಿಗೆ ಯಂತ್ರವನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಬಿಗಿದವನೂ ನೀನೇ. "ಎಲ್ಲೂ ನಿಲ್ಲಬೇಡ. ಮರದಿಂದ ಮರಕ್ಕೆ ನೋಡ್ಕೊಂಡು ಹೋಗು." ನಿನ್ನ ಅಮ್ಮ ಮೆಟ್ಟಿಲ ಮೇಲಿದ್ದರು. "ಹೋಗು ಹೋಗು. ಸೀಲ್‌ಗಳು ಇನ್ಮೇಲೆ ಬೆತ್ತಲೆ ತಿರುಗ್ತವೆ," ಎಂದು ಮುಖ ತಿರುಗಿಸಿದರು.

ವಾಸಾ ಕಡೆಯ ಕೊನೆಯ ಮರ ನಮ್ಮ ಮನೆಯದು. ಕ್ರಿಸ್ಮಸ್ ಅಲಂಕಾರಕ್ಕೆಂದು ನಾನು ಕಟ್ಟಿದ್ದ ಪುಟ್ಟ ಹುಲ್ಲಿನ ಮೇಕೆ ಕೆಂಪು ದಾರದಲ್ಲಿ ಇನ್ನೂ ತೂಗುತ್ತಿತ್ತು. ನೀನು ಬೇಡ ಎಂದಿದ್ದರೂ ಅಲ್ಲಿ ನಿಂತೆ, ಬಹಳ ಹೊತ್ತು. ಮಂಜುಗಡ್ಡೆ ತಡೆದುಕೊಂಡಿತು.

ನಾನು ಮರಳುವ ದಾರಿಯೆಂದು ಇನ್ನು ಗುಡಿಸುವುದು ಬೇಡ, ಬೆನ್ನಿಗೆ ಬಿಡುವು ಕೊಡು. ಕಡಲು ತೆರೆದಾಗ ನಿನ್ನ ಬಲೆ ತುಂಬಿ ಬರಲಿ.

ಗುನ್ವೋರ್